ಬೇಸಿಗೆ ರಜೆಯಲ್ಲಿ ಚರಿತ್ರೆಯ ಓದು

ಏಪ್ರಿಲ್ ಎರಡನೇ ವಾರದಿಂದ ಮೇ ತಿಂಗಳ ಕೊನೆಯವರೆಗೆ ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ. ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಪರೀಕ್ಷೆಯ ಹಂಗಿಲ್ಲದೆ ಓದಲು ವರ್ಷದಲ್ಲಿ ಸಿಗುವ ದೀರ್ಘ ಬಿಡುವು ಇದೊಂದೇ. ಕಥೆ ಪುಸ್ತಕ ಹಿಡಿಯುವ ಮಕ್ಕಳು ಉಂಟು, ಗಣಿತಕ್ಕೂ ಇಂಗ್ಲಿಷಿಗೂ ಟ್ಯೂಷನ್ನಿಗೆ ಹೋಗುವವರೂ ಉಂಟು. ಚರಿತ್ರೆಯನ್ನು ರಜೆಯ ಓದಿಗೆ ಸೇರಿಸುವ ಮನೆಗಳು ಕಡಿಮೆ. ಶಾಲೆಯಲ್ಲಿ ‘ಸಮಾಜ’ ಎಂದರೆ ಇಸವಿ, ಯುದ್ಧ, ಒಪ್ಪಂದಗಳನ್ನು ಉರುಹೊಡೆಯುವ ವಿಷಯ ಎಂದೇ ಮಕ್ಕಳಿಗೆ ರೂಢಿಯಾಗಿರುತ್ತದೆ. ಸೇರಿಸಿದ ಕೆಲವು ಮನೆಗಳಲ್ಲೂ ನಡೆಯುವುದು ಮುಂದಿನ ತರಗತಿಯ ಪಾಠವನ್ನು ಮೊದಲೇ ಓದಿಸಿಬಿಡುವ ಕೆಲಸ. ಜೂನ್‌ನಲ್ಲಿ ಹೊಸದಾಗಿ ಕೇಳಬೇಕಾದ ಪಾಠ ಆಗ ಹಳಸಿದ ಊಟವಾಗುತ್ತದೆ.

ಪಠ್ಯಪುಸ್ತಕಕ್ಕೆ ಅದರದೇ ದಾರಿಯಿದೆ. ಇಡೀ ನಾಡಿನ ಮಕ್ಕಳಿಗೆ ಒಂದೇ ಪುಸ್ತಕವಾದ್ದರಿಂದ ಅದು ಸಿಂಧೂ ಬಯಲು, ಪಾಟಲಿಪುತ್ರ, ಬಾದಾಮಿ, ಹಂಪಿಗಳ ಮೂಲಕ ಹಾದುಹೋಗಬೇಕು. ರಜೆಯ ಓದಿಗೆ ಈ ಕಟ್ಟಿಲ್ಲ. ಅದು ಮನೆಯಿಂದ ನಡೆದು ಹೋಗಬಹುದಾದ ಕಲ್ಲಿನಿಂದ ಹೊರಟು, ಆ ಕಲ್ಲಿನ ವಿಷಯ ಬರೆದಿರುವ ಪುಸ್ತಕಕ್ಕೆ ಬಂದು, ಅಲ್ಲಿಂದ ದೂರದ ದೇಶಗಳಿಗೆ ಹೋಗಬಹುದು. ಹನ್ನೆರಡು ಹದಿಮೂರು ವರ್ಷದವರಿಗೆ ಈ ಕ್ರಮವೇ ಹೆಚ್ಚು ಒಗ್ಗುತ್ತದೆ. ‘ಇದು ಹೀಗೇ ನಡೆಯಿತು ಎಂದು ಯಾರಿಗೆ ಗೊತ್ತು?’ ಎಂದು ಕೇಳುವ ವಯಸ್ಸು ಅದು. ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಆ ಪ್ರಶ್ನೆಗೆ ಸಿಗುವಷ್ಟು ಸಾಮಗ್ರಿ ಎಲ್ಲ ಊರುಗಳಿಗೂ ಸಿಗುವುದಿಲ್ಲ.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅಲ್ಲಿಯ ಪಾರ್ಶ್ವನಾಥ ಬಸದಿಯನ್ನು 1117ರಲ್ಲಿ ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠೆಯೂ ಅದೇ ವರ್ಷದ್ದು. ಬೇಲೂರನ್ನು ನೋಡಲು ಬಸ್ಸು ಮಾಡಿಕೊಂಡು ಹೋಗುವ ಶಾಲೆಗಳು ಅಷ್ಟೇ ವಯಸ್ಸಿನ ಈ ಬಸದಿಯ ಮುಂದೆ ನಿಲ್ಲುವುದು ಅಪರೂಪ. ಬಸದಿಯ ಶಾಸನ ಪುಣಿಸನ ದಂಡಯಾತ್ರೆಯನ್ನು ಹೊಗಳುತ್ತದೆ. ಅವನು ಬೆಟ್ಟದ ಬುಡಕಟ್ಟಿನವರಾದ ತೋದವರನ್ನು ಬೆದರಿಸಿ ನೀಲಗಿರಿಯನ್ನು ಗೆದ್ದನೆಂದು ಹೇಳುತ್ತದೆ. ನೀಲಗಿರಿಯ ಹೆಸರೂ ತೋದವರ ಹೆಸರೂ ಬರುವ ತೀರ ಹಳೆಯ ಬರಹಗಳಲ್ಲಿ ಇದೊಂದು. ಊಟಿಯ ಚರಿತ್ರೆಯ ಮೊದಲ ಪುಟ ಚಾಮರಾಜನಗರದ ಕಲ್ಲಿನ ಮೇಲಿದೆ ಎಂದರೆ ಅತಿಶಯವಲ್ಲ. ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ: ನಷ್ಟಕ್ಕೆ ಸಿಕ್ಕಿದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗೆ, ಅಧಿಕಾರ ಕಳೆದುಕೊಂಡವನಿಗೆ ಪುಣಿಸ ಕೈಹಿಡಿದು ಆಸರೆಯಾದನಂತೆ. ಒಂಬೈನೂರು ವರ್ಷದ ಹಿಂದೆಯೂ ಈ ಸೀಮೆಯ ಒಕ್ಕಲಿಗೆ ಬಿತ್ತನೆ ಬೀಜ ತೀರುತ್ತಿತ್ತು ಎಂಬುದು ಆ ಹೊಗಳಿಕೆಯೊಳಗಿಂದ ಹೊರಬರುತ್ತದೆ. ದಂಡನಾಯಕನ ಔದಾರ್ಯವನ್ನು ಪೂರ್ತಿ ನಂಬದ ಓದುಗನೂ ಇದನ್ನು ನಂಬಬಹುದು, ಏಕೆಂದರೆ ಇದನ್ನು ಸುಳ್ಳು ಬರೆದು ಯಾರಿಗೂ ಲಾಭವಿರಲಿಲ್ಲ. ಶಾಸನ ಓದುವ ವಿದ್ಯೆಯಲ್ಲಿ ಮಕ್ಕಳು ಮೊದಲು ಕಲಿಯಬೇಕಾದ ಹಿಡಿತ ಇದು.

ಅದೇ ಊರಿನಲ್ಲಿ ಏಳುನೂರು ವರ್ಷ ಈಚೆಗೆ ಬಂದರೆ ಚಾಮರಾಜೇಶ್ವರ ದೇವಾಲಯ, ಅದರ ಹತ್ತಿರ ಜನನ ಮಂಟಪ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ್ದು ಅರಿಕುಠಾರದಲ್ಲಿ ಎಂದು ತಿಳಿದು 1818ರಲ್ಲಿ ಊರಿಗೆ ಚಾಮರಾಜನಗರ ಎಂದು ಹೆಸರಿಟ್ಟರು. ದೇವಾಲಯ ಎದ್ದದ್ದು 1826ರಲ್ಲಿ. ತಂದೆಯ ಹೆಸರು ಲಿಂಗಕ್ಕೆ, ತಾಯಿ ಕೆಂಪನಂಜಮ್ಮಣ್ಣಿಯವರ ಹೆಸರು ಅಮ್ಮನವರಿಗೆ.

ಆ ಚಾಮರಾಜ ಒಡೆಯರು ದೊರೆಯಾದ ಬಗೆಗೆ ಮಕ್ಕಳು ಕಿವಿಗೊಟ್ಟು ಕೇಳುವ ಕಥೆಯೊಂದು ಪುಸ್ತಕಗಳಲ್ಲಿ ಇದೆ. 1776ರಲ್ಲಿ ಮೈಸೂರಿನ ಅರಸು ಮಕ್ಕಳಿಲ್ಲದೆ ತೀರಿಕೊಂಡಾಗ, ಅಧಿಕಾರವೆಲ್ಲ ಹೈದರ್ ಅಲಿಯ ಕೈಯಲ್ಲಿತ್ತು. ಅವನು ರಾಜಬಂಧುಗಳ ಮನೆಯ ಚಿಕ್ಕ ಮಕ್ಕಳನ್ನೆಲ್ಲ ಒಂದು ಹಜಾರದಲ್ಲಿ ಸೇರಿಸಿ, ನೆಲದ ಮೇಲೆ ಹಣ್ಣು, ಸಿಹಿತಿಂಡಿ, ಆಟದ ಸಾಮಾನು ಹರಡಿಸಿದನಂತೆ. ಮಕ್ಕಳು ತಿಂಡಿಗೂ ಬೊಂಬೆಗೂ ಮುಗಿಬಿದ್ದಾಗ ಒಂದು ಮಗು ಮಾತ್ರ ಹೊಳೆಯುವ ಚೂರಿಯನ್ನು ಒಂದು ಕೈಯಲ್ಲೂ ನಿಂಬೆಹಣ್ಣನ್ನು ಇನ್ನೊಂದರಲ್ಲೂ ಹಿಡಿಯಿತು. ‘ಇವನೇ ದೊರೆ’ ಎಂದು ಹೈದರ್ ಅದನ್ನೇ ಆರಿಸಿದ. ಅರಿಕುಠಾರದಲ್ಲಿ 1774ರಲ್ಲಿ ಹುಟ್ಟಿದ ಆ ಮಗುವಿಗೆ ಆಗ ಎರಡು ವರ್ಷ.

ಕಥೆ ಸೊಗಸಾಗಿದೆ, ಓದಿಸಲೇಬೇಕು. ಓದಿಸಿದ ಮೇಲೆ ಅದನ್ನು ಬರೆದವರು ಯಾರು ಎಂದು ಕೇಳಿಸಬೇಕು. ಅದು ಮಾರ್ಕ್ ವಿಲ್ಕ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ದಕ್ಷಿಣ ಭಾರತದ ಚರಿತ್ರೆಯಲ್ಲಿದೆ. ಆ ಗ್ರಂಥದ ಸಂಪುಟಗಳು ಹೊರಬಂದದ್ದು 1810ರಿಂದ 1817ರ ನಡುವೆ, ಹಜಾರದ ಪ್ರಸಂಗ ನಡೆದು ಮೂರು ನಾಲ್ಕು ದಶಕಗಳಾದ ಮೇಲೆ. ವಿಲ್ಕ್ಸ್ ಅದನ್ನು ಕಣ್ಣಾರೆ ಕಂಡವನಲ್ಲ. ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದವನು. ಆ ಹೊತ್ತಿಗೆ ಶ್ರೀರಂಗಪಟ್ಟಣ ಬಿದ್ದು, ಆ ಮಗುವಿನ ಮಗನನ್ನೇ 1799ರಲ್ಲಿ ಬ್ರಿಟಿಷರು ಪಟ್ಟಕ್ಕೆ ಕೂರಿಸಿದ್ದರು. ಅರಸು ಮನೆತನಕ್ಕೆ ರಾಜಲಕ್ಷಣ ಹುಟ್ಟಿನಿಂದಲೇ ಇತ್ತೆಂದು ಹೇಳುವ ಕಥೆ ಆಗ ಹಲವರಿಗೆ ಬೇಕಾಗಿತ್ತು. ಹೈದರ್ ಅರಸರನ್ನು ಬೊಂಬೆಗಳಂತೆ ಆರಿಸುತ್ತಿದ್ದ ಎಂದು ತೋರಿಸುವುದಕ್ಕೂ ಅದೇ ಕಥೆ ಒದಗುತ್ತಿತ್ತು. ಹೀಗೆಂದ ಮಾತ್ರಕ್ಕೆ ಕಥೆ ಸುಳ್ಳೆಂದು ಸಾಧಿತವಾಗುವುದಿಲ್ಲ. ಏಳನೇ ತರಗತಿಯ ಹುಡುಗಿಗೆ ಈ ನಾಲ್ಕು ಸಂಗತಿಗಳನ್ನು ಕೊಟ್ಟರೆ ತೀರ್ಮಾನವನ್ನು ಅವಳೇ ಮಾಡಬಲ್ಲಳು, ಮಾಡದೆ ಬಾಕಿ ಇಡಲೂ ಬಲ್ಲಳು. ಬಾಕಿ ಇಡುವುದೂ ಚರಿತ್ರೆಯಲ್ಲಿ ಮರ್ಯಾದೆಯ ಉತ್ತರವೇ.

1799ರಿಂದ ದೂರದ ದೇಶಗಳಿಗೂ ದಾರಿಯಿದೆ. ಆ ವರ್ಷದ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದಿದ್ದ. ಈಜಿಪ್ಟ್, ಫ್ರಾನ್ಸ್, ಶ್ರೀರಂಗಪಟ್ಟಣ, ಅರಿಕುಠಾರ ಎಲ್ಲವೂ ಒಂದೇ ಸರಪಳಿಯಲ್ಲಿ ಬರುವುದರಿಂದ, ಪ್ರಪಂಚದ ಚರಿತ್ರೆಯನ್ನು ಬೇರೆ ವಿಷಯವೆಂದು ಹೊಸದಾಗಿ ಶುರುಮಾಡಬೇಕಾಗಿಲ್ಲ.

ಗುಂಡ್ಲುಪೇಟೆಯ ಚರಿತ್ರೆ ದಾರಿಗಳ ಚರಿತ್ರೆ. ಊಟಿಯ ರಸ್ತೆ ಮತ್ತು ಸುಲ್ತಾನ್ ಬತ್ತೇರಿಯ ಮೂಲಕ ಕಲ್ಲಿಕೋಟೆಗೆ ಇಳಿಯುವ ರಸ್ತೆ ಕವಲೊಡೆಯುವುದು ಇಲ್ಲಿ. ಇಂದು ತರಕಾರಿ ಲಾರಿಗಳು ಇಳಿಯುವ ಘಟ್ಟಗಳ ಆಸುಪಾಸಿನಲ್ಲೇ ಹಿಂದೆ ದಂಡುಗಳೂ ಎತ್ತಿನ ಹೇರುಗಳೂ ಸಾಗಿದವು. ತಾಲ್ಲೂಕಿನ ತೆರಕಣಾಂಬಿ ಹೊಯ್ಸಳ ಮೂರನೇ ಬಲ್ಲಾಳನ ಕಾಲದಲ್ಲಿ ದಂಡನಾಯಕರು ನೆಲೆಸಿ ಆಳಿದ ಊರು. ಆಮೇಲೆ ಉಮ್ಮತ್ತೂರಿನ ಪಾಳೆಯಗಾರರ ಕಾಲ ಬಂತು. ಚಾಮರಾಜನಗರ ತಾಲ್ಲೂಕಿನ ಆ ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆ ಮುತ್ತಿದವನು ಕೃಷ್ಣದೇವರಾಯ. ಪಠ್ಯದಲ್ಲಿ ರಾಯನ ಆಳ್ವಿಕೆಯ ಆರಂಭದ ವಿಜಯ ಎಂದು ಒಂದು ಸಾಲಿನಲ್ಲಿ ಮುಗಿಯುವ ಸಂಗತಿ ಇದು. ಉಮ್ಮತ್ತೂರಿನ ಮಗು ಸೋತವರ ಕಡೆಯಿಂದ ಅದನ್ನು ಓದಿದರೆ ಬೇರೆ ಬಗೆಯ ಪಾಠವಾಗುತ್ತದೆ.

ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂಬ ಹೆಸರಿತ್ತು. ಚಿಕ್ಕಪ್ಪ ಮೈಸೂರಿನ ದೊರೆಯಾಗಿದ್ದಾಗ ಚಿಕ್ಕದೇವರಾಜ ಒಡೆಯರು ತಾಲ್ಲೂಕಿನ ಹಂಗಳದಲ್ಲಿ ಸೆರೆವಾಸದಂತೆ ದಿನ ಕಳೆದರು. 1673ರಲ್ಲಿ ಪಟ್ಟಕ್ಕೆ ಬಂದ ಮೇಲೆ ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯ ಕಟ್ಟಿಸಿದರು. ಹಂಗಳದಲ್ಲಿ ಕಾಯುತ್ತಾ ಕೂತಿದ್ದ ಈ ರಾಜಕುಮಾರನೇ ಮುಂದೆ ಮೊಗಲರಿಗೆ ಮೂರು ಲಕ್ಷ ರೂಪಾಯಿ ಕೊಟ್ಟು ಬೆಂಗಳೂರನ್ನು ಪಡೆದದ್ದು, ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ಹಂಚಿದ್ದು. ಬಾಲ್ಯದ ಒಡನಾಡಿ, ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತ ಅವರ ಮಂತ್ರಿಯಾದ. ಯಳಂದೂರಿನವಳೇ ಆದ ಹೊನ್ನಮ್ಮ ರಾಣಿಗೆ ಎಲೆಯಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದು ‘ಹದಿಬದೆಯ ಧರ್ಮ’ ಬರೆದಳು. ಪತಿವ್ರತೆಯ ಧರ್ಮ ಹೇಳಲು ಹೊರಟ ಆ ಕೃತಿಯೊಳಗೇ ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ಅವಳು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಹದಿನೇಳನೇ ಶತಮಾನದ ದರ್ಬಾರನ್ನು ದೊರೆಯ ಬಿರುದುಗಳಿಂದ ತಿಳಿಯುವುದಕ್ಕಿಂತ ಈ ಸಂಚಿಯ ಹೆಣ್ಣುಮಗಳ ಮೂಲಕ ತಿಳಿಯುವುದು ಮಕ್ಕಳಿಗೆ ಸುಲಭ.

ಕಲ್ಲುಬರಹಗಳ ಪಾಠಗಳು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಅಚ್ಚಾಗಿವೆ. ಬಿ.ಎಲ್. ರೈಸ್ ಹೊರತಂದ ಮೊದಲ ಮುದ್ರಣದ ನಾಲ್ಕನೇ ಸಂಪುಟ (1898) ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆಗಳನ್ನು ಒಳಗೊಂಡಿದೆ. ಅದರಲ್ಲಿ ಕೊಳ್ಳೇಗಾಲವಿಲ್ಲ, ಏಕೆಂದರೆ ಆಗ ಅದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ವಿಶ್ವವಿದ್ಯಾನಿಲಯ 1970ರ ದಶಕದಿಂದ ತಂದ ಪರಿಷ್ಕೃತ ಮುದ್ರಣದಲ್ಲಿ ಅದು ಸೇರಿಕೊಂಡಿತು. ಮೂಲ ಶಾಸನದ ಭಾಷೆ ಈ ವಯಸ್ಸಿಗೆ ಕಷ್ಟ. ಸಾರಾಂಶವನ್ನು ಮೇಷ್ಟ್ರೊಬ್ಬರು ಓದಿ ಹೇಳಿದರೆ ಸಾಕು. ಊರ ಬಾಗಿಲಲ್ಲೋ ಕೆರೆ ಏರಿಯ ಮೇಲೋ ನಿಂತಿರುವ ವೀರಗಲ್ಲು, ಮಾಸ್ತಿಕಲ್ಲುಗಳನ್ನು ತಿಳಿಯಲು ಅಕ್ಷರ ಗೊತ್ತಿರಬೇಕೆಂದೂ ಇಲ್ಲ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು: ಕೆಳಗೆ ಕಾಳಗ, ನಡುವೆ ಸತ್ತವನನ್ನು ಒಯ್ಯುವ ಅಪ್ಸರೆಯರು, ಮೇಲೆ ಸ್ವರ್ಗದಲ್ಲಿ ದೇವರ ಸನ್ನಿಧಿ. ಕೆಳಪಟ್ಟಿಯಲ್ಲಿ ದನಗಳಿದ್ದರೆ ಅದು ತುರುಗಾಳಗ. ಚಾಮರಾಜನಗರ ತಾಲ್ಲೂಕಿನ ನರಸಮಂಗಲದ ರಾಮೇಶ್ವರ ದೇವಾಲಯಕ್ಕೆ ಹೋದವರು ಶಿಖರದ ಮೇಲಿನ ಗಾರೆಯ ಮೂರ್ತಿಗಳನ್ನು ನೋಡಬೇಕು. ಗಂಗರ ಕಾಲದ ಗಾರೆ ಕೆಲಸ ಇಷ್ಟರಮಟ್ಟಿಗೆ ಉಳಿದಿರುವುದು ಅಪರೂಪ.

ಈ ಸೀಮೆಯವನೇ ಆದ ಚರಿತ್ರಕಾರನೊಬ್ಬನಿದ್ದಾನೆ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿ ಜೈನರ ಬೆಟ್ಟ. ಅಲ್ಲಿಯ ದೇವಚಂದ್ರ, ಮೈಸೂರು ಸೀಮೆಯ ಭೂಮಾಪನಕ್ಕೆ ಬಂದಿದ್ದ ಕರ್ನಲ್ ಕಾಲಿನ್ ಮೆಕೆಂಜಿಯನ್ನು 1804ರಲ್ಲಿ ಕಂಡು, ಹಳೆಯ ಕಥನಗಳನ್ನು ಒದಗಿಸಿಕೊಟ್ಟ. ಮೆಕೆಂಜಿ ನಕ್ಷೆ ಬರೆಯುತ್ತಲೇ ಊರೂರಿನ ಕೈಫಿಯತ್ತು, ತಾಳೆಗರಿ, ಶಾಸನಗಳನ್ನು ಕೂಡಿಸುತ್ತಿದ್ದ. ದೇವಚಂದ್ರನ ‘ರಾಜಾವಳಿ ಕಥೆ’ 1838ರಲ್ಲಿ ಪೂರ್ತಿಯಾಯಿತು. ಇದರಲ್ಲಿ ಪುರಾಣವೂ ಜೈನ ಪರಂಪರೆಯೂ ಅರಸರ ವಂಶಾವಳಿಯೂ ಕೇಳಿಕೆಯ ಮಾತೂ ಬೆರೆತಿವೆ; ಎಲ್ಲವನ್ನೂ ಚರಿತ್ರೆಯೆಂದು ತೆಗೆದುಕೊಳ್ಳಲಾಗದು. ಇಡೀ ಕೃತಿ ಮಕ್ಕಳಿಗಲ್ಲ. ಆದರೆ ತಮ್ಮ ಊರಿನ ಆಸುಪಾಸಿನ ಒಬ್ಬ ಕನ್ನಡಿಗ, ಇಂದಿನಂಥ ಶಾಲೆ ಕಾಲೇಜುಗಳಿಲ್ಲದ ಕಾಲದಲ್ಲಿ, ಕೇಳಿದ್ದನ್ನೂ ಓದಿದ್ದನ್ನೂ ಕೂಡಿಸಿ ನಾಡಿನ ಕಥೆ ಬರೆದ ಎಂಬುದು ಅವರಿಗೆ ತಿಳಿದಿರಬೇಕು.

ಅಕ್ಷರಕ್ಕೆ ಬಾರದ ಚರಿತ್ರೆ ಈ ಜಿಲ್ಲೆಯಲ್ಲಿ ಹಾಡಾಗಿ ಉಳಿದಿದೆ. ಕಂಸಾಳೆ ಹಿಡಿದ ದೇವರಗುಡ್ಡರು ಮಲೆ ಮಾದೇಶ್ವರನ ಕಥೆಯನ್ನೂ ತಂಬೂರಿಯ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೂ ರಾತ್ರಿಯಿಡೀ ಹಾಡುತ್ತಾರೆ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆ ಕೇಳಲು ಹೋಗುವ ಭಾಗವನ್ನು ಕೇಳಿದ ಮಗುವಿಗೆ, ಕುಲುಮೆ ಮತ್ತು ಕಬ್ಬಿಣ ಹಿಡಿದವರಿಗೆ ಆ ಕಾಲದಲ್ಲಿ ಎಷ್ಟು ಬಲವಿತ್ತೆಂಬುದು ತಾನಾಗಿ ತಿಳಿಯುತ್ತದೆ. ಮಾದೇಶ್ವರನ ಕಥೆಯಲ್ಲಿ ಸೋಲಿಗರ ಸಂಕಮ್ಮ, ಆಲಂಬಾಡಿಯ ಜುಂಜೇಗೌಡ, ದೌರ್ಜನ್ಯದ ದೊರೆ ಶ್ರವಣ ಬರುತ್ತಾರೆ. ಇವುಗಳಲ್ಲಿ ಇಸವಿ ಹುಡುಕಿ ಪ್ರಯೋಜನವಿಲ್ಲ. ಯಾರು ಯಾರಿಗೆ ಹೆದರುತ್ತಿದ್ದರು, ಯಾರ ಮನೆಯಲ್ಲಿ ಯಾರು ಉಣ್ಣುತ್ತಿರಲಿಲ್ಲ, ಬರ ಬಂದರೆ ಏನು ಮಾಡುತ್ತಿದ್ದರು ಎಂಬುದಕ್ಕೆ ಅರಮನೆಯ ಬಖೈರುಗಳಿಗಿಂತ ಇವು ಹತ್ತಿರದ ಸಾಕ್ಷಿ. ಎರಡೂ ಕಾವ್ಯಗಳನ್ನು ಜಾನಪದ ವಿದ್ವಾಂಸರು ಅಚ್ಚು ಹಾಕಿಸಿದ್ದಾರೆ. ಮೊದಲು ಹಾಡಿದ್ದನ್ನು ಕೇಳಿ, ಆಮೇಲೆ ಅಚ್ಚಿನಲ್ಲಿ ಅದೇ ಸಾಲನ್ನು ಹುಡುಕುವುದು ಮಕ್ಕಳಿಗೆ ಆಟವೂ ಆಗುತ್ತದೆ.

ಕಾಡಿನ ಚರಿತ್ರೆಯನ್ನು ಮಕ್ಕಳು ಪ್ರಾಣಿಗಳ ಕಡೆಯಿಂದ ಪ್ರವೇಶಿಸುತ್ತಾರೆ, ಅಡ್ಡಿಯಿಲ್ಲ. 1874ರಲ್ಲಿ ನೀರಾವರಿ ಇಲಾಖೆಯ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ ಚಾಮರಾಜನಗರದ ಬಳಿ ಹೊನ್ನುಹೊಳೆಯ ಕಾಡಿನಲ್ಲಿ ಖೆಡ್ಡಾ ನಡೆಸಿ ಒಂದೇ ಸಲಕ್ಕೆ ಐವತ್ತಕ್ಕೂ ಹೆಚ್ಚು ಆನೆ ಹಿಡಿಸಿದ. ಹೊನ್ನುಹೊಳೆ ಎಂದರೆ ಇಂದಿನ ಸುವರ್ಣಾವತಿ. 1878ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಈ ಭಾಗದ ಹಳ್ಳಿಗರು, ಬೇಟೆಗಾರರು, ಜ್ವರ, ಕಾಡಿನ ದಾರಿಗಳ ವಿವರ ತುಂಬಿದೆ. ಹಾಗೆಯೇ ಆಳುವ ಬಿಳಿಯನ ಗತ್ತೂ ತುಂಬಿದೆ. ಬಂಡೀಪುರದ ಬೇಟೆಯ ಕಾಡು 1941ರಲ್ಲಿ ವೇಣುಗೋಪಾಲ ವನ್ಯಧಾಮದ ಭಾಗವಾಗಿ, 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಇದೇ ಕಾಲಾವಧಿ ಬೇರೆಯಾಗಿ ನಡೆಯಿತು. ಅಭಯಾರಣ್ಯ ಬಂದ ಮೇಲೆ ಕಾಡು ಕಡಿದು ಸುಟ್ಟು ರಾಗಿ ಬೆಳೆಯುವ ಬೇಸಾಯ ನಿಂತಿತು, ಅವರ ಹಾಡಿಗಳಾದ ಪೋಡುಗಳು ಜಾಗ ಬದಲಿಸಿದವು. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೂ ಮನ್ನಣೆ ಸಿಕ್ಕಿತು. ಪೋಡಿನ ಮಗುವಿಗೆ ಈ ಚರಿತ್ರೆಯ ಮೊದಲ ಪುಸ್ತಕ ಅದರ ಅಜ್ಜಿಯೇ. ಯಾವ ಬೆಟ್ಟಕ್ಕೆ ಏನು ಹೆಸರು, ಯಾವ ಮರದಲ್ಲಿ ಜೇನು ಕಟ್ಟುತ್ತಿತ್ತು ಎಂದು ಬರೆದುಕೊಂಡರೆ ಅದೇ ದಾಖಲೆ.

ಅಚ್ಚಿನ ಪುಸ್ತಕಗಳಿಗೆ ಬಂದರೆ, ಕನ್ನಡದಲ್ಲಿ ಈ ವಯಸ್ಸಿನವರಿಗೆ ಬರೆದ ಚರಿತ್ರೆ ಬೇಕಾದಷ್ಟು ಇಲ್ಲ, ಇರುವುದು ತೀರ ಕಡಿಮೆಯೂ ಅಲ್ಲ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ (1936), ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ‘ಜ್ಞಾನ ಗಂಗೋತ್ರಿ’ ಹಳೆಯ ಗ್ರಂಥಾಲಯಗಳಲ್ಲಿ ಈಗಲೂ ಸಿಗುತ್ತವೆ. ಅಂಕಿ ಅಂಶ ಹಳತಾಗಿದ್ದರೂ ಬರವಣಿಗೆ ಹಳತಾಗಿಲ್ಲ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ ‘ಭಾರತ ಭಾರತಿ’ ಮಾಲೆಯಲ್ಲಿ 510 ಕಿರುಹೊತ್ತಗೆಗಳಿವೆ. ಒಂದೊಂದು ಮಧ್ಯಾಹ್ನಕ್ಕೆ ಒಂದೊಂದು ಮುಗಿಯುತ್ತದೆ. ಅವು ಹೆಚ್ಚಾಗಿ ಮಹನೀಯರ ಗುಣಗಾನ ಎಂಬುದನ್ನು ಮರೆಯದೆ ಓದಬೇಕು, ದೋಷವಿಲ್ಲದ ಮನುಷ್ಯ ಚರಿತ್ರೆಯಲ್ಲಿ ಸಿಗುವುದಿಲ್ಲ. ಅಮರ ಚಿತ್ರಕಥೆಗಳ ಮಾತೂ ಅಷ್ಟೇ. ಈ ಮಾಲೆಯ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಬೆಂಗಳೂರಿನಿಂದ ಕನ್ನಡದಲ್ಲೇ ಬಂದದ್ದು. ಅವು ವಿದೇಶಿ ಕಥೆಗಳ ಅನುವಾದ. ಭಾರತದ ಕಥೆಗಳು ಆಮೇಲೆ ಬಂದವು. ಚಿತ್ರದಲ್ಲಿ ಕಾಣುವ ಕಿರೀಟ, ಉಡುಪು, ಕೋಟೆ ಚಿತ್ರಕಾರನ ಊಹೆ. ಅದೇ ಕಾಲದ ಶಿಲ್ಪದ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಮಕ್ಕಳಿಗೆ ಕೂಡಲೇ ಕಾಣುತ್ತದೆ.

‘ನಾಯಿಮರಿ’ಯ ಕವಿ ಜಿ.ಪಿ. ರಾಜರತ್ನಂ ಅವರ ಹೆಸರಿನ ಮೊದಲ ಅಕ್ಷರದಲ್ಲಿ ಗುಂಡ್ಲುಪೇಟೆ ಇದೆ, ಅವರ ಮನೆತನ ಅಲ್ಲಿಯದು. ಶಿಶುಗೀತೆಗಳಿಗೆ ಹೆಸರಾದ ಅವರು ‘ಚೀನಾದೇಶದ ಬೌದ್ಧ ಯಾತ್ರಿಕರು’ ಎಂಬ ಪುಸ್ತಕವನ್ನೂ ಬರೆದರು. ಎಂಟನೇ ತರಗತಿಯ ಚುರುಕು ಓದುಗನಿಗೆ ಫಾಹಿಯಾನ್, ಹ್ಯುಯೆನ್‌ತ್ಸಾಂಗರನ್ನು ಪಠ್ಯದ ಎರಡು ಸಾಲಿನಾಚೆ ತಿಳಿಯಲು ಅದು ತಕ್ಕದ್ದು. ನೆಹರೂ ತಮ್ಮ ಹತ್ತು ವರ್ಷದ ಮಗಳು ಇಂದಿರಾಗೆ ಬರೆದ ಪತ್ರಗಳೂ ಬೇಸಿಗೆಯ ಬರಹವೇ. 1928ರ ಬೇಸಿಗೆಯಲ್ಲಿ ಮಗಳು ಮಸ್ಸೂರಿಯಲ್ಲಿ, ತಂದೆ ಅಲಹಾಬಾದಿನಲ್ಲಿ ಇದ್ದಾಗ ಹುಟ್ಟಿದ ಆ ಮೂವತ್ತು ಪತ್ರಗಳು ಮರುವರ್ಷ ಪುಸ್ತಕವಾದವು. ಅಲ್ಲಿಯೂ ಚರಿತ್ರೆ ಶುರುವಾಗುವುದು ಕಲ್ಲನ್ನು ನೋಡುವುದರಿಂದ. ಚಾರಿತ್ರಿಕ ಕಾದಂಬರಿಗಳಲ್ಲಿ ಮಾಸ್ತಿಯವರ ‘ಚೆನ್ನಬಸವನಾಯಕ’, ತ.ರಾ.ಸು. ಅವರ ‘ದುರ್ಗಾಸ್ತಮಾನ’ಗಳನ್ನು ಆರನೇ ತರಗತಿಯವರಿಗೆ ಹೇರಬಾರದು, ಪ್ರೌಢಶಾಲೆಗೆ ಹೋಗಲಿರುವವರು ಬೇಕಾದರೆ ಹಿಡಿಯಲಿ.

ತೀರ ಹತ್ತಿರದ ಚರಿತ್ರೆ ಮಕ್ಕಳಿಗೆ ಚರಿತ್ರೆಯಂತೆ ಕಾಣುವುದಿಲ್ಲ. 1920ರ ದಶಕದಲ್ಲಿ ನಂಜನಗೂಡಿನಿಂದ ಚಾಮರಾಜನಗರಕ್ಕೆ ಬಂದ ರೈಲು ಅಲ್ಲಿಗೇ ನಿಂತದ್ದು, ತಮಿಳುನಾಡಿನ ಕಡೆಗೆ ಮುಂದುವರಿಸುವ ಮಾತು ಮಾತಾಗಿಯೇ ಉಳಿದದ್ದು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ್ದು. 1997ರಲ್ಲಿ ಚಾಮರಾಜನಗರ ಬೇರೆ ಜಿಲ್ಲೆಯಾದದ್ದು. ಗುಂಡ್ಲುಪೇಟೆಯಿಂದ ಏಳು ಸಲ ಗೆದ್ದ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರವರೆಗೆ ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸಭಾಧ್ಯಕ್ಷರಾಗಿದ್ದದ್ದು, ಇವುಗಳಲ್ಲಿ ಹೆಚ್ಚಿನವು ಮನೆಯ ಹಿರಿಯರ ನೆನಪಿಗೆ ಎಟುಕುವ ಸಂಗತಿಗಳು. ಕೊಳ್ಳೇಗಾಲದ ಕಡೆಯ ಮನೆಗಳಲ್ಲಿ ಮದ್ರಾಸ್ ಕಾಲದ ಹಳೆಯ ಪತ್ರಗಳಿದ್ದರೆ ಅವನ್ನು ಬಿಚ್ಚಿ ತೋರಿಸಬಹುದು. ಅಜ್ಜ ಹೇಳಿದ ಇಸವಿಗೂ ಕಾಗದದ ಇಸವಿಗೂ ಹೊಂದದೆ ಹೋದಾಗ ಯಾವುದನ್ನು ನಂಬಬೇಕೆಂಬ ಚರ್ಚೆ ಊಟದ ಹೊತ್ತಿನಲ್ಲೇ ನಡೆಯುತ್ತದೆ.

ಪುಸ್ತಕ ಸಿಗುವ ಜಾಗ ಪಟ್ಟಣದಲ್ಲಿ ಸಾರ್ವಜನಿಕ ಗ್ರಂಥಾಲಯ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಸುಪರ್ದಿಗೆ ಬಂದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. ರಜೆಯ ಆರೇಳು ವಾರಗಳಲ್ಲಿ ಒಂದು ಮಗು ನಾಲ್ಕೈದು ಸಣ್ಣ ಪುಸ್ತಕ ಓದಿದರೆ ಧಾರಾಳ. ಬೆಳಗಿನ ತಂಪಿನಲ್ಲಿ ಒಂದು ಜಾಗ ನೋಡುವುದು, ಮಧ್ಯಾಹ್ನದ ಬಿಸಿಲಲ್ಲಿ ಅದರ ಬಗ್ಗೆ ಓದುವುದು ಈ ಸೀಮೆಯ ಹವೆಗೆ ಹೊಂದುತ್ತದೆ. ಜೊತೆಗೊಂದು ನೋಟ್‌ಬುಕ್ ಇರಬೇಕು. ಎಡಗಡೆ ಓದಿದ ಸಂಗತಿ, ಬಲಗಡೆ ಅದನ್ನು ಹೇಳಿದವರು ಯಾರು, ಅವರು ಆಗ ಅಲ್ಲಿದ್ದರೇ ಎಂಬ ಟಿಪ್ಪಣಿ. ಅದಕ್ಕೆ ಅಂಕ ಕೊಡಬಾರದು, ತಿದ್ದಲೂಬಾರದು.

ಅಕ್ಷರ ಕೂಡಿಸಿ ಓದಲು ಇನ್ನೂ ತಡವರಿಸುವ ಮಕ್ಕಳು ಆರನೇ ತರಗತಿಯಲ್ಲೂ ಇರುತ್ತಾರೆ. ಅಂಥವರನ್ನು ಕೈಬಿಡದಿರಲು ಗಟ್ಟಿಯಾಗಿ ಓದುವ ಪದ್ಧತಿ ಒಳ್ಳೆಯದು: ಎಂಟನೇ ತರಗತಿಯವರು ಓದುವುದು, ಕಿರಿಯರು ಕೇಳುವುದು, ನಡುವೆ ತಡೆದು ಪ್ರಶ್ನೆ ಕೇಳುವುದು. ಅಜ್ಜಿ ಮನೆಗೆ ಬಂದ ಬೇರೆ ಜಿಲ್ಲೆಯ ಮಕ್ಕಳೂ ಈ ಗುಂಪಿಗೆ ಸೇರಬಹುದು. ಅವರ ಊರಿನ ಕಲ್ಲು, ಕೋಟೆ, ಹಾಡುಗಳ ವಿಷಯ ಆಗ ಇಲ್ಲಿಯವರ ನೋಟ್‌ಬುಕ್ಕಿಗೂ ಬರುತ್ತದೆ.